ಅಂಕೋರಿಗೆ ಅರ್ಧ ದಿನ ಸಾಲದು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಕಾಂಬೋಡಿಯಾದ ಅಂಕೋರ್ ವಾಟ್ ದೇವಾಲಯದ ಬಗ್ಗೆ ಬಂದ ಸಚಿತ್ರ ಬರಹವನ್ನು ಸಂತೋಷದಿಂದ ಓದಿದೆ. ಅದೇ ಪುಟದ ಅಡಿಯಲ್ಲಿ ವಿಯೆಟ್ನಾಂ ಮತ್ತು ಕಾಂಬೋಡಿಯಾಗಳನ್ನು ಏಳು ದಿನಗಳಲ್ಲಿ ತೋರಿಸುವ ಪ್ಯಾಕೇಜ್ ಪ್ರವಾಸವೊಂದರ ಜಾಹೀರಾತು ಇತ್ತು. ಅದರ ದಿನಚರಿಯಲ್ಲಿ, ಅಂಕೋರ್ ವಾಟಿನ ಜೊತೆ ಇನ್ನೂ ಹಲವು ಗುಡಿಗಳಿರುವ ಅಂಕೋರ್ ಪ್ರದೇಶಕ್ಕೆ ಸಿಕ್ಕಿದ್ದು ಆರನೆಯ ದಿನದ ಬೆಳಗಿನ ಹೊತ್ತು ಮಾತ್ರ. ಊಟದ ಬಳಿಕ ಪೇಟೆ ಸುತ್ತಾಟ, ಸಂಜೆ ವಿಮಾನ. ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಗಳಿಂದ ಆಗ್ನೇಯ ಏಷ್ಯಾಕ್ಕೆ ಹೊರಡುವವರಲ್ಲಿ ನನ್ನ ಪರಿಚಯದ ಹಲವರು ನನ್ನ ಹಾಗೆ ಕೆಲಸದಿಂದ ನಿವೃತ್ತರಾದವರು, ಯಕ್ಷಗಾನದ ಆಟ–ಕೂಟಗಳ ನಡುವೆ ಬೆಳೆದವರು. ಅಂಥವರನ್ನು ಅರ್ಧ ದಿನದಲ್ಲಿ ಅಂಕೋರಿನಿಂದ ಹೊರಡಿಸುವುದು ಅನ್ಯಾಯವೆಂಬುದನ್ನೂ, ಆ ಊರನ್ನು ಸ್ವಂತವಾಗಿ, ಸಾವಕಾಶವಾಗಿ ನೋಡಿಬರುವುದು ನಾವು ಹೆದರಿಕೊಂಡಷ್ಟು ಕಷ್ಟವಿಲ್ಲವೆಂಬುದನ್ನೂ ಎರಡು ಬಾರಿ ಹೋಗಿಬಂದ ಅನುಭವದಿಂದ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಹೋದದ್ದು ಇಂಥದೇ ಒಂದು ತಂಡದ ಜೊತೆಗೆ. ನಮ್ಮನ್ನು ಬಸ್ಸಿನಿಂದ ಇಳಿಸುವಾಗಲೇ ಹತ್ತೂವರೆ ಗಂಟೆಯಾಗಿತ್ತು, ಬಿಸಿಲು ನೆತ್ತಿಗೇರುತ್ತಿತ್ತು. ಪಶ್ಚಿಮದ ಸುತ್ತುಪೌಳಿಯ ಬಾಗಿಲಲ್ಲಿ ತಂಡದ ಮುಂದಾಳು ‘ಎರಡೂ ಬದಿಯಲ್ಲಿ ಯುದ್ಧದ ಕೆತ್ತನೆಗಳಿವೆ’ ಎಂದು ಹೇಳಿ ನೇರ ಒಳಗೆ ನಡೆದರು. ನಾನು ಬಲಬದಿಗೆ ಹತ್ತು ಹೆಜ್ಜೆ ಹಾಕಿ ನೋಡಿದೆ. ಮೈತುಂಬ ಬಾಣ ನೆಟ್ಟ ವೃದ್ಧ ವೀರನೊಬ್ಬ ಮಲಗಿದ್ದಾನೆ, ಸುತ್ತ ಕೈಮುಗಿದು ನಿಂತವರಿದ್ದಾರೆ. ಯಾರ ವಿವರಣೆಯೂ ಬೇಕಾಗಲಿಲ್ಲ. ಮೂವತ್ತು ವರ್ಷ ತಾಳಮದ್ದಳೆಗಳಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಕೂಟಗಳಲ್ಲಿ, ಯಾರ ಪಾತ್ರಕ್ಕೆ ಅರ್ಥ ಹೇಳಿದ್ದೆನೋ ಆ ಭೀಷ್ಮ ನನ್ನೆದುರು ಕಲ್ಲಿನ ಶರಶಯ್ಯೆಯಲ್ಲಿದ್ದ. ಎರಡು ನಿಮಿಷ ಕಳೆಯುವಷ್ಟರಲ್ಲಿ ಕೈಫೋನು ಹೊಡೆದುಕೊಂಡಿತು, ತಂಡ ಆಗಲೇ ಇನ್ನೊಂದು ಅಂಗಳ ದಾಟಿತ್ತು. ಆ ಗೋಡೆಯ ಉಳಿದ ಭಾಗವನ್ನು ನೋಡಲಾಗದೆ ಮರಳಿದ ಸಂಕಟ ಊರಿಗೆ ಬಂದ ಮೇಲೂ ಆರಲಿಲ್ಲ. ಆದ್ದರಿಂದಲೇ ಎರಡನೆಯ ಸಲ ಯಾವ ತಂಡಕ್ಕೂ ಸೇರದೆ ನಾನೂ ನನ್ನ ಪತ್ನಿಯೂ ಇಬ್ಬರೇ ಹೋಗಿ ಅಂಕೋರಿನ ಪಕ್ಕದ ಸಿಯೆಂ ರೀಪ್ ಪಟ್ಟಣದಲ್ಲಿ ಆರು ದಿನ ಉಳಿದೆವು.

ಅಂಕೋರ್ ವಾಟ್ 12ನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ಖಮೇರ್ ಜನಾಂಗದ ಅರಸ ಎರಡನೆಯ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ ದೇವಾಲಯ. ಸುಮಾರು 190 ಮೀಟರ್ ಅಗಲದ ಕಂದಕವನ್ನು ದಾಟಿ, ಪಶ್ಚಿಮಾಭಿಮುಖವಾದ ಈ ದೇಗುಲದೊಳಗೆ ಸೇರಿದರೆ ಹೊರಸುತ್ತಿನ ಪೌಳಿಯ ಗೋಡೆಗಳುದ್ದಕ್ಕೂ ಉಬ್ಬುಚಿತ್ರಗಳು ಹಬ್ಬಿವೆ. ಇವನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಪಶ್ಚಿಮದ ಬಾಗಿಲಿಂದ ಬಲಕ್ಕೆ ತಿರುಗಿ, ದೇವಾಲಯವನ್ನು ಎಡಕ್ಕಿಟ್ಟುಕೊಂಡು ದಕ್ಷಿಣ, ಪೂರ್ವ, ಉತ್ತರವಾಗಿ ಸುತ್ತಬೇಕು. ಅಂದರೆ ನಮ್ಮಲ್ಲಿ ಅಪರಕ್ರಿಯೆಯಲ್ಲಷ್ಟೇ ಬರುವ ಅಪ್ರದಕ್ಷಿಣೆ. ಈ ದೇಗುಲ ಅರಸನ ಮರಣಸ್ಮಾರಕವೂ ಆಗಿತ್ತೆಂದು ವಾದಿಸುವ ವಿದ್ವಾಂಸರು ಕೊಡುವ ಆಧಾರಗಳಲ್ಲಿ ಇದೂ ಒಂದು. ಹೀಗೆ ಹೊರಟರೆ ಮೊದಲು ಸಿಗುವುದು ಕುರುಕ್ಷೇತ್ರ. ಎಡದಿಂದ ಕೌರವರ ದಂಡು, ಬಲದಿಂದ ಪಾಂಡವರ ದಂಡು ಸಾಲುಗಟ್ಟಿ ಬಂದು ನಡುವೆ ಮೈಗೆ ಮೈ ತಾಗಿ ಹೊಯ್ದಾಡುತ್ತವೆ, ಅರ್ಜುನನ ರಥದ ಸಾರಥಿಗೆ ನಾಲ್ಕು ಕೈಗಳಿವೆ. ದಕ್ಷಿಣದ ಪೌಳಿಯಲ್ಲಿ ಸೂರ್ಯವರ್ಮನ ಮೆರವಣಿಗೆ, ಅದನ್ನು ದಾಟಿದರೆ ಯಮನ ನ್ಯಾಯಾಸ್ಥಾನ, ಸ್ವರ್ಗ ಮತ್ತು ನರಕ. ಪೂರ್ವದ ಪೌಳಿಗೆ ತಿರುಗಿದೊಡನೆ ಸಮುದ್ರಮಥನ: 49 ಮೀಟರ್ ಉದ್ದದ ಒಂದೇ ಚಿತ್ರ, ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಟ್ಟನಡುವೆ ಕೂರ್ಮದ ಬೆನ್ನ ಮೇಲೆ ಮಂದರ, ವಾಸುಕಿಯ ಬಾಲದ ತುದಿಯನ್ನು ಹಿಡಿದವನು ಒಬ್ಬ ವಾನರ. ಸುತ್ತು ಮುಗಿಸಿ ಮರಳಿ ಪಶ್ಚಿಮಕ್ಕೆ ಬಂದಾಗ ಕೊನೆಯದಾಗಿ ಲಂಕೆಯ ಯುದ್ಧ. ಅಲ್ಲಿ ರಾಮನು ಹನುಮಂತನ ಹೆಗಲ ಮೇಲೆ ನಿಂತು ಬಾಣ ಬಿಡುತ್ತಾನೆ, ಹಿಂದೆ ಲಕ್ಷ್ಮಣನೂ ವಿಭೀಷಣನೂ ಇದ್ದಾರೆ. ಎದುರಿಗೆ ಸಿಂಹಗಳು ಎಳೆಯುವ ರಥದಲ್ಲಿ ಇಪ್ಪತ್ತು ತೋಳಿನ ರಾವಣ. ರಾಮಾಯಣವನ್ನು ಯಕ್ಷಗಾನ ಪ್ರಸಂಗಗಳಾಗಿ ಹಾಡಿಕೊಟ್ಟ ಪಾರ್ತಿಸುಬ್ಬನ ಸೀಮೆಯವರು ಈ ಗೋಡೆಯ ಮುಂದೆ ಒಂದು ತಾಸು ನಿಂತರೂ ಕಡಿಮೆಯೇ. ನನ್ನ ಪತ್ನಿ ಒಂದೊಂದು ಕಪಿಯ ಮುಖವನ್ನೂ ಬೇರೆ ಬೇರೆಯಾಗಿ ನೋಡುತ್ತಾ ಹೋದಳು, ಒಂದರಂತೆ ಇನ್ನೊಂದಿಲ್ಲ.

ಕುರುಕ್ಷೇತ್ರ ಮತ್ತು ಲಂಕೆಯ ಗೋಡೆಗಳಿಗೆ ಮಧ್ಯಾಹ್ನ ಮೂರರ ಬಳಿಕ ಬೆಳಕು ಚೆನ್ನಾಗಿ ಬೀಳುತ್ತದೆ, ಸಮುದ್ರಮಥನಕ್ಕೆ ಬೆಳಗು ಒಳ್ಳೆಯದು. ಇದೊಂದೇ ಕಾರಣಕ್ಕೆ ಅಂಕೋರ್ ವಾಟನ್ನು ಎರಡು ಬೇರೆ ಹೊತ್ತಿನಲ್ಲಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸೂರ್ಯೋದಯ ನೋಡಲು ಬೆಳಗ್ಗೆ ಐದಕ್ಕೇ ಬಂದವರು ಏಳರ ಹೊತ್ತಿಗೆ ತಿಂಡಿಗೆಂದು ಹೊರಟುಹೋಗುತ್ತಾರೆ. ಪೌಳಿಗಳು ಆಗ ಬಹುಪಾಲು ನಮ್ಮವೇ. ಮೂರನೆಯ ಅಂತಸ್ತಿನ ಗರ್ಭಗುಡಿಯ ಕಡಿದಾದ ಮೆಟ್ಟಿಲು ಹತ್ತಲು ಒಮ್ಮೆಗೆ ಇಂತಿಷ್ಟೇ ಜನರನ್ನು ಬಿಡುತ್ತಾರೆ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ, ಬೌದ್ಧರ ವ್ರತದ ದಿನಗಳಲ್ಲಿ ಮೇಲಕ್ಕೆ ಪ್ರವೇಶವಿಲ್ಲ. ನಮ್ಮ ಮೊದಲ ಪ್ರವಾಸದ ದಿನ ಅಂಥದೇ ಒಂದು ದಿನವಾಗಿತ್ತು, ಅದನ್ನು ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ.

ನಮ್ಮ ಜಿಲ್ಲೆಯವರ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ ಮುರಕಲ್ಲು. ಅಂಕೋರಿನ ಗುಡಿಗಳ ಹೊರಮೈ ಕುಲೆನ್ ಬೆಟ್ಟದ ಕಡೆಯಿಂದ ತಂದ ಮರಳುಗಲ್ಲಿನದು. ಆದರೆ ಅಡಿಪಾಯಕ್ಕೂ, ಒಳಗಿನ ತುಂಬಣಕ್ಕೂ, ಸುತ್ತುಗೋಡೆಗಳಿಗೂ ಬಳಸಿರುವುದು ನಮ್ಮ ಬೇಕಲ ಕೋಟೆಯಲ್ಲಿ ಕಾಣುವಂಥ ಕೆಂಪು ಮುರಕಲ್ಲು. ಮರಳುಗಲ್ಲು ಕಳಚಿಬಿದ್ದಲ್ಲೆಲ್ಲ ಆ ತೂತುತೂತಿನ ಕಲ್ಲು ಇಣುಕುತ್ತದೆ. ನಮ್ಮ ಮನೆಯ ಪಾಗಾರದ ಕಲ್ಲನ್ನು ಅಷ್ಟು ದೂರದಲ್ಲಿ, ಅಷ್ಟು ದೊಡ್ಡ ಕೆಲಸದೊಳಗೆ ಕಂಡಾಗ ಆದ ಆಪ್ತಭಾವವನ್ನು ಇಲ್ಲಿ ಬರೆದು ತಿಳಿಸುವುದು ಕಷ್ಟ.

ಪಟ್ಟಣದಿಂದ ಸುಮಾರು 35 ಕಿಲೋಮೀಟರ್ ದೂರದ ಬಂತೇಯ್ ಸ್ರೇಯ್ ದೇವಾಲಯವನ್ನು ಪ್ಯಾಕೇಜಿನವರು ದೂರವೆಂಬ ನೆಪದಲ್ಲಿ ಕೈಬಿಡುತ್ತಾರೆ. ನನ್ನ ಮಟ್ಟಿಗೆ ಅದನ್ನು ಬಿಟ್ಟ ಅಂಕೋರ್ ಯಾತ್ರೆ ಅರೆಬರೆ. ಕ್ರಿ.ಶ. 967ರಲ್ಲಿ ಪ್ರತಿಷ್ಠೆಯಾದ ಈ ಶಿವಾಲಯವನ್ನು ಕಟ್ಟಿಸಿದವನು ಅರಸನಲ್ಲ, ಯಜ್ಞವರಾಹನೆಂಬ ವಿದ್ವಾಂಸ. ನಸುಗೆಂಪು ಕಲ್ಲಿನ ಪುಟ್ಟ ಗುಡಿಗಳು, ಆದರೆ ಬೆರಳಗಲ ಜಾಗವನ್ನೂ ಖಾಲಿ ಬಿಡದ ಕೆತ್ತನೆ. ಒಂದೆಡೆ ಕೈಲಾಸವನ್ನು ಅಲುಗಿಸುವ ರಾವಣ, ಅವನ ಮೇಲೆ ಬೆದರಿ ಶಿವನನ್ನು ಆತುಕೊಂಡ ಪಾರ್ವತಿ; ಮತ್ತೊಂದೆಡೆ ಖಾಂಡವವನದ ಮೇಲೆ ಇಂದ್ರನು ಸುರಿಸುವ ಮಳೆ; ಕಂಸವಧೆ; ವಾಲಿ–ಸುಗ್ರೀವರ ಕಾಳಗ. ಮಧ್ಯಾಹ್ನದ ಜನಸಂದಣಿಗೆ ಮೊದಲು, ಬೆಳಗ್ಗೆ ಎಂಟರೊಳಗೆ ತಲುಪಿದರೆ ಸಮಾಧಾನದಿಂದ ನೋಡಬಹುದು.

ಇಷ್ಟನ್ನು ನೋಡಲು ಎಷ್ಟು ದಿನ ಬೇಕೆಂಬುದನ್ನು ಟಿಕೆಟ್ಟಿನ ದರವೇ ಹೇಳುತ್ತದೆ. ಅಂಕೋರ್ ಪ್ರದೇಶಕ್ಕೆ ಒಂದು ದಿನದ ಟಿಕೆಟ್ 37 ಡಾಲರ್, ಮೂರು ದಿನದ್ದು 62, ಏಳು ದಿನದ್ದು 72. ಮೂರು ದಿನದ ಟಿಕೆಟ್ಟನ್ನು ಹತ್ತು ದಿನಗಳ ಅವಧಿಯಲ್ಲಿ ನಮಗೆ ಬೇಕಾದ ಮೂರು ದಿನ ಬಳಸಬಹುದು, ನಡುವೆ ಒಂದು ದಿನ ವಿಶ್ರಾಂತಿ ಪಡೆಯಬಹುದು. ಏಳು ದಿನದ್ದಕ್ಕೆ ಒಂದು ತಿಂಗಳ ಅವಕಾಶ. ಪ್ಯಾಕೇಜಿನವರು 37 ಡಾಲರ್ ತೆತ್ತು ಮೂರು ಗಂಟೆ ತೋರಿಸುವ ಬದಲು ನಾವು ಇನ್ನು 25 ಡಾಲರ್ ಸೇರಿಸಿದರೆ ಮೂರು ಪೂರ್ಣ ದಿನಗಳು ಸಿಗುತ್ತವೆ. ಟಿಕೆಟ್ಟಿನಲ್ಲಿ ನಮ್ಮ ಭಾವಚಿತ್ರವಿರುತ್ತದೆ, ಅದನ್ನು ಇನ್ನೊಬ್ಬರಿಗೆ ಕೊಡಲಾಗದು. ಅಧಿಕೃತ ಕೌಂಟರಿನಲ್ಲಿ ಅಥವಾ ಅಧಿಕೃತ ಜಾಲತಾಣದಲ್ಲಿ ಮಾತ್ರ ಕೊಳ್ಳಬೇಕು. ಪ್ರತಿ ಟಿಕೆಟ್ಟಿನಿಂದ 2 ಡಾಲರ್ ಅಲ್ಲಿನ ಕಾಂತ ಬೋಫಾ ಮಕ್ಕಳ ಆಸ್ಪತ್ರೆಗೆ ಸಲ್ಲುತ್ತದೆ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಏರ್ಪಾಡು.

ಮೂರು ದಿನವಿದ್ದರೆ ಏಳನೆಯ ಜಯವರ್ಮನ ಬಯೋನ್, ಕಲ್ಲಿನ ಮುಖಗಳ ಆ ಗೋಪುರಗಳು, ಮತ್ತು ಮರದ ಬೇರುಗಳು ಗೋಡೆಗಳನ್ನು ತಬ್ಬಿಕೊಂಡಿರುವ ತಾ ಪ್ರೋಮ್ ಕೂಡ ನೆಮ್ಮದಿಯಿಂದ ಆಗುತ್ತವೆ. ತಾ ಪ್ರೋಮಿನ ಜೀರ್ಣೋದ್ಧಾರದಲ್ಲಿ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶ್ರಮವಿದೆ. 1986ರಿಂದ 1993ರವರೆಗೆ, ಆ ದೇಶದಲ್ಲಿ ಇನ್ನೂ ಶಾಂತಿ ನೆಲೆಸದಿದ್ದ ಕಾಲದಲ್ಲಿ, ಅಂಕೋರ್ ವಾಟಿನಲ್ಲಿ ಕೆಲಸ ಮಾಡಿದವರೂ ಅದೇ ಇಲಾಖೆಯವರು.

ಇನ್ನು ಹೋಗುವ ದಾರಿ. ಪಾಸ್‌ಪೋರ್ಟಿಗೆ ಕಾಸರಗೋಡಿನ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರವಿದೆ. ಇರುವ ಪಾಸ್‌ಪೋರ್ಟಿಗೆ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಮಂಗಳೂರು ಮತ್ತು ಕಣ್ಣೂರಿನ ವಿಮಾನ ನಿಲ್ದಾಣಗಳು ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಿಗೆ ಅನುಕೂಲವಾದರೂ ಈ ಪ್ರಯಾಣಕ್ಕೆ ನಾವು ಕೊಚ್ಚಿ ಅಥವಾ ಬೆಂಗಳೂರನ್ನೇ ನೆಚ್ಚಬೇಕು. ಕೊಚ್ಚಿಗೆ ರೈಲುಗಳು ಧಾರಾಳ, ಬೆಂಗಳೂರಿಗೆ ಕಣ್ಣೂರಿನಿಂದ ಬರುವ ರಾತ್ರಿಯ ಎಕ್ಸ್‌ಪ್ರೆಸ್ ಕಾಸರಗೋಡಿನ ಮೂಲಕವೇ ಹೋಗುತ್ತದೆ. ಎರಡೂ ಕಡೆಗಳಿಂದ ಕ್ವಾಲಾಲಂಪುರ ಅಥವಾ ಸಿಂಗಾಪುರದಲ್ಲಿ ವಿಮಾನ ಬದಲಿಸಿ ಸಿಯೆಂ ರೀಪ್ ಇಲ್ಲವೇ ರಾಜಧಾನಿ ನೋಮ್ ಪೆನ್ ತಲುಪಬಹುದು. ಒಂದು ಎಚ್ಚರ: ಎರಡೂ ಹಂತಗಳ ಪ್ರಯಾಣವನ್ನು ಒಂದೇ ಟಿಕೆಟ್ಟಿನಲ್ಲಿ ಮಾಡಿಸಿಕೊಳ್ಳಿ. ಸ್ವಲ್ಪ ಹಣ ಉಳಿಯುತ್ತದೆಂದು ಬೇರೆ ಬೇರೆ ಟಿಕೆಟ್ ತೆಗೆದರೆ ನಡುವಿನ ಊರಿನಲ್ಲಿ ಲಗೇಜು ಬಿಡಿಸಿಕೊಳ್ಳಲು ಆ ದೇಶದ ಒಳಕ್ಕೇ ಪ್ರವೇಶಿಸಬೇಕಾದೀತು, ಮೊದಲ ವಿಮಾನ ತಡವಾದರೆ ಎರಡನೆಯದು ನಮಗಾಗಿ ಕಾಯುವುದಿಲ್ಲ.

ಭಾರತೀಯರಿಗೆ ಕಾಂಬೋಡಿಯಾದ ವೀಸಾ ಬೇಕು. ಮೂವತ್ತು ದಿನಗಳ, ಒಂದು ಸಲದ ಪ್ರವೇಶದ ಪ್ರವಾಸಿ ವೀಸಾವನ್ನು ವಿಮಾನ ನಿಲ್ದಾಣದಲ್ಲೇ 30 ಡಾಲರ್ ಕೊಟ್ಟು ಪಡೆಯಬಹುದು, ಇಲ್ಲವೇ ಮನೆಯಿಂದಲೇ ಇ–ವೀಸಾ ಮಾಡಿಸಿಕೊಳ್ಳಬಹುದು. ಇದರ ಜೊತೆಗೆ 2024ರ ಸೆಪ್ಟೆಂಬರಿನಿಂದ ವಿಮಾನದಲ್ಲಿ ಬರುವವರೆಲ್ಲ ಇ–ಅರೈವಲ್ ಎಂಬ ನಮೂನೆಯನ್ನು ಪ್ರಯಾಣಕ್ಕೆ ಮೊದಲಿನ ಏಳು ದಿನಗಳೊಳಗೆ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಸರಕಾರದ ಜಾಲತಾಣದಂತೆಯೇ ಕಾಣುವ ಖಾಸಗಿ ತಾಣಗಳು ಅಂತರ್ಜಾಲದಲ್ಲಿ ತುಂಬಿವೆ. ನಮ್ಮ ಹತ್ತಿರದ ಸಂಬಂಧಿಕರೊಬ್ಬರು ಅಂಥ ಒಂದರಲ್ಲಿ ವೀಸಾ ಶುಲ್ಕದ ಮೂರರಷ್ಟು ಹಣ ಕಳೆದುಕೊಂಡರು, ಶುಲ್ಕವಿಲ್ಲದ ನಮೂನೆಗೂ ಪ್ರತ್ಯೇಕವಾಗಿ ತೆತ್ತರು. ವಿಳಾಸದ ಕೊನೆಯಲ್ಲಿ ಕಾಂಬೋಡಿಯಾ ಸರಕಾರದ ಗುರುತಿದೆಯೇ ಎಂದು ಮನೆಯ ಮಕ್ಕಳಿಂದ ಪರೀಕ್ಷಿಸಿಕೊಂಡೇ ಮುಂದುವರಿಯಬೇಕು.

2023ರ ಅಕ್ಟೋಬರಿನಿಂದ ಸಿಯೆಂ ರೀಪಿನ ವಿಮಾನಗಳೆಲ್ಲ ಹೊಸ ನಿಲ್ದಾಣಕ್ಕೆ ಬರುತ್ತವೆ. ಹಳೆಯದು ಪಟ್ಟಣಕ್ಕೆ ಏಳೆಂಟು ಕಿಲೋಮೀಟರ್ ದೂರದಲ್ಲಿತ್ತು, ಇದು ಐವತ್ತರ ಆಸುಪಾಸು. ಹಳೆಯ ಪ್ರವಾಸ ಕಥನಗಳನ್ನು ನಂಬಿ ಹೋದವರಿಗೆ ಇಲ್ಲಿ ಲೆಕ್ಕ ತಪ್ಪುತ್ತದೆ. ರಾತ್ರಿ ತಡವಾಗಿ ಇಳಿಯುವವರು ವಸತಿಗೃಹದವರಿಗೆ ಮೊದಲೇ ಹೇಳಿ ವಾಹನ ಗೊತ್ತುಮಾಡಿಕೊಳ್ಳುವುದು ಕ್ಷೇಮ. ನೋಮ್ ಪೆನ್‌ನಿಂದ ಸಿಯೆಂ ರೀಪಿಗೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ, ಬಸ್ಸಿನಲ್ಲಿ ಐದಾರು ಗಂಟೆ. ದಾರಿಯುದ್ದಕ್ಕೂ ಗದ್ದೆ ಬಯಲು, ಬಯಲಿನ ನಡುನಡುವೆ ತಾಳೆಮರ. ನಿದ್ದೆ ಮಾಡದೆ ಕಿಟಕಿಯ ಬಳಿ ಕೂತಿರಬೇಕಾದ ಪಯಣ ಅದು.

ಊರೊಳಗಿನ ಓಡಾಟಕ್ಕೆ ಟುಕ್‌ಟುಕ್ ಸಾಕು. ಒಬ್ಬನೇ ಚಾಲಕನನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿಕೊಂಡೆವು. ಹತ್ತಿರದ ಸುತ್ತಿಗೆ ನಾವು ಕೊಟ್ಟದ್ದು ದಿನಕ್ಕೆ 20 ಡಾಲರ್. ಡಾಲರ್ ಎಲ್ಲೆಡೆ ನಡೆಯುತ್ತದೆ, ಚಿಲ್ಲರೆ ಮಾತ್ರ ಅಲ್ಲಿನ ರಿಯೆಲ್‌ನಲ್ಲಿ ಸಿಗುತ್ತದೆ, ಒಂದು ಡಾಲರಿಗೆ ಸುಮಾರು 4000 ರಿಯೆಲ್. ತುಸು ಹರಿದ ಅಥವಾ ಗೀಚಿದ ನೋಟನ್ನೂ ಅಂಗಡಿಯವರು ಮುಟ್ಟುವುದಿಲ್ಲವಾದ್ದರಿಂದ ಊರಿನಿಂದ ಹೊರಡುವಾಗಲೇ ಹೊಸ, ಸಣ್ಣ ನೋಟುಗಳನ್ನು ಕೇಳಿ ಪಡೆಯಬೇಕು. ಸಸ್ಯಾಹಾರಿಗಳಿಗೆ ಒಂದು ಮಾತು: ತರಕಾರಿ ಪದಾರ್ಥಕ್ಕೂ ಮೀನಿನ ರಸವನ್ನೋ ‘ಪ್ರಹೋಕ್’ ಎಂಬ ಹುಳಿಸಿದ ಮೀನಿನ ಹಿಟ್ಟನ್ನೋ ಬೆರೆಸುವುದು ಅಲ್ಲಿ ವಾಡಿಕೆ, ಆದ್ದರಿಂದ ‘ಮಾಂಸವಿಲ್ಲದ್ದು’ ಎಂದರೆ ಸಾಲದು. ಸಿಯೆಂ ರೀಪಿನಲ್ಲಿ ಭಾರತೀಯ ಹೋಟೆಲುಗಳಿವೆ. ಅವಲಕ್ಕಿ, ಉಪ್ಪಿನಕಾಯಿ ಜೊತೆಗಿದ್ದರೆ ಹೊರವಲಯದ ಗುಡಿಗಳಿಗೆ ಹೋದ ದಿನಗಳಲ್ಲಿ ನಿಶ್ಚಿಂತೆ. ಅಲ್ಲಿನ ಅಜ್ಜಿಯಂದಿರು ವೀಳ್ಯದೆಲೆ, ಅಡಿಕೆ, ಸುಣ್ಣ ಮೆಲ್ಲುವುದನ್ನು ನೋಡಿ ನನ್ನ ಪತ್ನಿ ಹತ್ತಿರ ಹೋಗಿ ಕೂತಳು. ಭಾಷೆಯ ಕೊರತೆ ಇಬ್ಬರಿಗೂ ತೋರಲಿಲ್ಲ.

ಕಾಲದ ಆಯ್ಕೆಯಲ್ಲಿ ನಮ್ಮವರು ತಪ್ಪುವುದು ಏಪ್ರಿಲಿನಲ್ಲಿ. ಶಾಲೆಗೆ ರಜೆಯೆಂದು ಆಗ ಹೊರಡುತ್ತಾರೆ. ಅಲ್ಲಿ ಅದು ವರ್ಷದ ಅತಿ ಸೆಕೆಯ ತಿಂಗಳು. ನಮ್ಮ ಮನೆಗಳಲ್ಲಿ ಬಿಸು ಕಣಿ ಇಡುವ ದಿನಗಳಲ್ಲೇ ಖಮೇರರಿಗೂ ಹೊಸ ವರ್ಷ. ಜನರೆಲ್ಲ ಊರಿಗೆ ಹೊರಟಿರುತ್ತಾರೆ, ಬಸ್ಸುಗಳು ತುಂಬಿರುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತಕರ. ಮಳೆಗಾಲದ ಕೊನೆಯನ್ನು ನಾನು ತೆಗೆದುಹಾಕುವುದಿಲ್ಲ: ಕಂದಕಗಳು ತುಂಬಿರುತ್ತವೆ, ಮೆಕಾಂಗ್ ನದಿಯ ನೆರೆಯಿಂದ ತೋನ್ಲೆ ಸಾಪ್ ಹೊಳೆ ಹಿಮ್ಮುಖವಾಗಿ ಹರಿದು ಅದೇ ಹೆಸರಿನ ಸರೋವರ ಹಲವು ಪಟ್ಟು ಹಿಗ್ಗಿರುತ್ತದೆ. ಮಳೆ ನಮಗೆ ಹೊಸತೂ ಅಲ್ಲ.

ರಾಜಧಾನಿಗೆ ಎರಡು ದಿನ ಕೊಡಬೇಕು. ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹರಿಹರ, ವಿಷ್ಣು ವಿಗ್ರಹಗಳನ್ನು ನೋಡಿದ ಮರುದಿನ ನಾವು ತುವೋಲ್ ಸ್ಲೆಂಗ್‌ಗೆ ಹೋದೆವು. ಅದು ಒಂದು ಪ್ರೌಢಶಾಲೆಯಾಗಿತ್ತು. 1975ರ ಏಪ್ರಿಲಿನಿಂದ 1979ರ ಜನವರಿಯವರೆಗೆ ಆಳಿದ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಕ್ಷ ಅದನ್ನು ಸೆರೆಮನೆಯಾಗಿ ಮಾಡಿ ಸಾವಿರಾರು ಜನರನ್ನು ಚಿತ್ರಹಿಂಸೆಗೆ ಗುರಿಮಾಡಿತು; ಆ ಆಡಳಿತದಲ್ಲಿ ದೇಶದಲ್ಲಿ ಸತ್ತವರು ಹದಿನೈದು ಲಕ್ಷಕ್ಕೂ ಹೆಚ್ಚು. ತರಗತಿಯ ಕರಿಹಲಗೆ ಕೆಲವು ಕೋಣೆಗಳಲ್ಲಿ ಇನ್ನೂ ಇದೆ. ಮೂರು ದಶಕ ಶಾಲೆಯಲ್ಲಿ ಕಳೆದ ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. 2025ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪ್ಯಾಕೇಜಿನವರು ‘ಮನಸ್ಸು ಕೆಡುತ್ತದೆ’ ಎಂದು ಇದನ್ನು ತಪ್ಪಿಸುತ್ತಾರೆ. ಅಂಕೋರಿನ ಕೆತ್ತನೆಯನ್ನು ಕಾಪಾಡುತ್ತಿರುವ ಜನ ಎಂಥದನ್ನು ದಾಟಿ ಬಂದಿದ್ದಾರೆಂದು ತಿಳಿಯದೆ ಮರಳಬಾರದೆಂಬುದು ನನ್ನ ಅಭಿಪ್ರಾಯ.

ಎರಡು ಅಪಾಯಗಳನ್ನು ಮರೆಮಾಚದೆ ಹೇಳಬೇಕು. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾಗಳ ಗಡಿಯಲ್ಲಿ ಗುಂಡಿನ ಕಾಳಗ ನಡೆದು ಗಡಿ ಠಾಣೆಗಳು ಮುಚ್ಚಿದವು. ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಸಿಯೆಂ ರೀಪಿಗೆ ಹೋಗುವ ಹಳೆಯ ದಾರಿಯನ್ನು ಯೋಜನೆಯಲ್ಲಿ ಇಟ್ಟುಕೊಳ್ಳಬಾರದು. ಗಡಿಯ ಬೆಟ್ಟದ ಮೇಲಿರುವ ಪ್ರೆಯಾ ವಿಹಿಯರ್ ಶಿವಾಲಯದ ಆಸೆಯನ್ನೂ ಸದ್ಯಕ್ಕೆ ಬಿಡಬೇಕು. ಹೊರಡುವ ಮುನ್ನ ನೋಮ್ ಪೆನ್‌ನ ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನು ಓದಬೇಕು. ಎರಡನೆಯದು ಇನ್ನೂ ಗಂಭೀರ. ಕಂಪ್ಯೂಟರ್ ಕೆಲಸ, ಒಳ್ಳೆಯ ಸಂಬಳ ಎಂದು ನಂಬಿಸಿ ಪ್ರವಾಸಿ ವೀಸಾದಲ್ಲಿ ಕರೆದೊಯ್ದು, ಅಲ್ಲಿ ಪಾಸ್‌ಪೋರ್ಟ್ ಕಸಿದು ಸೈಬರ್ ವಂಚನೆಯ ಕೂಪಗಳಲ್ಲಿ ದುಡಿಸಿದ ಪ್ರಕರಣಗಳಲ್ಲಿ ಭಾರತದ ಯುವಕರು ನೂರಾರು ಮಂದಿ ಸಿಲುಕಿದ್ದರು, ಕೇರಳದವರೂ ಅವರಲ್ಲಿದ್ದರು. ಕೊಲ್ಲಿಯ ಕೆಲಸಕ್ಕೆ ಏಜೆಂಟರ ಮೂಲಕ ಹೋಗುವ ರೂಢಿ ಬಲವಾಗಿರುವ ನಮ್ಮ ಜಿಲ್ಲೆಯಲ್ಲಿ ಈ ಎಚ್ಚರ ಮನೆಮನೆಗೆ ತಲುಪಬೇಕು: ಪ್ರವಾಸಿ ವೀಸಾದಲ್ಲಿ ಕೆಲಸ ಮಾಡಲು ಅಲ್ಲಿ ಅನುಮತಿಯಿಲ್ಲ, ಆ ವೀಸಾದಲ್ಲೇ ಕೆಲಸ ಕೊಡಿಸುತ್ತೇನೆನ್ನುವ ಏಜೆಂಟನನ್ನು ನಂಬುವಂತೆಯೇ ಇಲ್ಲ. ಪ್ರವಾಸಿಯಾಗಿ ಹೋಗಿಬಂದ ನಮಗೆ ಮಾತ್ರ ಎಲ್ಲಿಯೂ ಭಯದ ಪ್ರಸಂಗ ಎದುರಾಗಲಿಲ್ಲ.

ಸಂಪಾದಕರಲ್ಲಿ ನನ್ನ ಬಿನ್ನಹ ಎರಡು. ವಿದೇಶ ಪ್ರವಾಸದ ಪ್ಯಾಕೇಜ್ ಜಾಹೀರಾತುಗಳನ್ನು ಸ್ವೀಕರಿಸುವಾಗ ಮುಖ್ಯ ತಾಣಗಳಲ್ಲಿ ಎಷ್ಟು ಗಂಟೆ ನಿಲ್ಲಿಸುತ್ತಾರೆ, ಪ್ರವೇಶ ಟಿಕೆಟ್ ಎಷ್ಟು ದಿನದ್ದು ಎಂಬುದನ್ನು ಮುದ್ರಿಸುವಂತೆ ಜಾಹೀರಾತುದಾರರನ್ನು ಕೇಳಿಕೊಳ್ಳಬೇಕು. ಹಣ ಕಟ್ಟುವ ಹಿರಿಯರಿಗೆ ಇದು ಮೊದಲೇ ತಿಳಿಯಬೇಕಾದ ವಿಷಯ. ಮತ್ತೊಂದು, ಅಂಕೋರಿನಲ್ಲಿ ಪರವಾನಗಿ ಪಡೆದ ಮಾರ್ಗದರ್ಶಿಗಳು ಇಂಗ್ಲಿಷ್, ಫ್ರೆಂಚ್, ಚೀನೀ ಭಾಷೆಗಳಲ್ಲಿ ಸಿಗುತ್ತಾರೆ, ಕೇರಳದ ತಂಡಗಳೊಂದಿಗೆ ಹೋದರೆ ವಿವರಣೆ ಮಲಯಾಳದಲ್ಲಿ ನಡೆಯುತ್ತದೆ. ಕನ್ನಡ ಮಾತ್ರ ಬಲ್ಲ ನಮ್ಮ ಹಿರಿಯರು ತಮಗೆ ಬಾಯಿಪಾಠವಿರುವ ಕಥೆಯ ಮುಂದೆಯೇ ಏನೂ ತಿಳಿಯದವರಂತೆ ನಿಲ್ಲಬೇಕಾಗುತ್ತದೆ. ಅವರ ಕೈಗೆ ಕನ್ನಡದ ಒಂದು ಹಾಳೆಯಿದ್ದರೆ ಸಾಕು. ನಾಲ್ಕೂ ಪೌಳಿಗಳ ಚಿತ್ರಗಳನ್ನು ನಡೆಯಬೇಕಾದ ಕ್ರಮದಲ್ಲಿ, ಯಾವ ವೀರ ಎಲ್ಲಿದ್ದಾನೆಂಬ ಗುರುತಿನೊಂದಿಗೆ ನಕ್ಷೆ ಬರೆದು ಇಟ್ಟುಕೊಂಡಿದ್ದೇನೆ. ಪುರವಣಿಯಲ್ಲಿ ಅರ್ಧ ಪುಟದ ಸ್ಥಳ ಕೊಡುವುದಾದರೆ ಅದನ್ನು ಕಳುಹಿಸಿಕೊಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ
ನೀರ್ಚಾಲು, ಕಾಸರಗೋಡು ಜಿಲ್ಲೆ